ಸೂಕ್ಷ್ಮದ್ರವ ಸಾಧನಗಳಲ್ಲಿ ಜೀವಂತ ಸಸ್ಯಕೋಶ

ಕೂದಲೆಳೆಯ ಅಗಲದ ಕಾಲುವೆಗಳನ್ನು ಪಾರದರ್ಶಕ ಪಾಲಿಮರ್‌ನಲ್ಲಿ ಎರಕ ಹೊಯ್ದು, ಅವುಗಳಲ್ಲಿ ದ್ರವ ಹರಿಸಿ, ಹರಿವಿನ ಜೊತೆ ಬಂದ ಸಸ್ಯಕೋಶವನ್ನು ಒಂದೆಡೆ ತಡೆದು ನಿಲ್ಲಿಸಿ ಜೀವಂತವಾಗಿಯೇ ಗಮನಿಸುವ ವಿಧಾನ. ಈ ಸಾಧನಕ್ಕೆ ಮೈಕ್ರೊಫ್ಲೂಯಿಡಿಕ್ ಚಿಪ್ ಎಂದು ಹೆಸರು. ಪ್ರಯೋಗಾಲಯದ ಮಾತಿನಲ್ಲಿ ಬರೀ ಚಿಪ್. ಕಾಲುವೆಯ ಅಗಲ ಸಾಮಾನ್ಯವಾಗಿ 10ರಿಂದ 500 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ರಕ್ತಕಣ, ಬ್ಯಾಕ್ಟೀರಿಯ, ಕ್ಯಾನ್ಸರ್ ಕೋಶಗಳ ಅಧ್ಯಯನದಲ್ಲಿ ಬೆಳೆದ ಈ ತಂತ್ರ ಸಸ್ಯಶಾಸ್ತ್ರಕ್ಕೆ ತಡವಾಗಿ ಬಂತು. ತಡಕ್ಕೆ ಮುಖ್ಯ ಕಾರಣ ಕೋಶಭಿತ್ತಿ. ಭಿತ್ತಿ ಇದ್ದರೆ ಕೋಶ ಬಿಡಿಯಾಗಿ ಸಿಗುವುದಿಲ್ಲ. ಭಿತ್ತಿ ಕಳೆದರೆ ಸಿಗುತ್ತದೆ, ಆದರೆ ತನ್ನನ್ನು ಸಸ್ಯಕೋಶವೆನ್ನಿಸುವ ಗುಣಗಳಲ್ಲಿ ದೊಡ್ಡದೊಂದನ್ನು ಬಿಟ್ಟು ಬರುತ್ತದೆ. ಕಳೆದ ಎರಡು ದಶಕಗಳಲ್ಲಿ ಬಂದ ಚಿಪ್‌ಗಳೆಲ್ಲ ಈ ಇಕ್ಕಟ್ಟನ್ನು ಒಂದಲ್ಲ ಒಂದು ರೀತಿಯಲ್ಲಿ ದಾಟಲು ನೋಡಿದವೇ.

ತಯಾರಿಕೆ

ಹೆಚ್ಚಿನ ಚಿಪ್‌ಗಳು ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರ್‌ನವು. ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 1990ರ ದಶಕದಲ್ಲಿ ಇದರ ಬಳಕೆಯನ್ನು ಎಲ್ಲರ ಕೈಗೆಟುಕುವಂತೆ ಮಾಡಿತು. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಗಟ್ಟಿಯಾಗುವ ರಾಳವನ್ನು ಹರಡಿ, ಕಾಲುವೆಗಳ ನಕ್ಷೆಯ ಮೂಲಕ ಅತಿನೇರಳೆ ಬೆಳಕು ಹಾಯಿಸಿದರೆ ಉಬ್ಬುಗೆರೆಗಳ ಅಚ್ಚು ಸಿದ್ಧ. ಅದರ ಮೇಲೆ ಪಿಡಿಎಂಎಸ್ ಮತ್ತು ಗಟ್ಟಿಕಾರಕವನ್ನು ಹತ್ತಕ್ಕೆ ಒಂದರಂತೆ ಕಲಸಿ ಸುರಿದು, ಗುಳ್ಳೆ ತೆಗೆದು, ಒಲೆಯಲ್ಲಿ ಕೆಲವು ಗಂಟೆ ಹದವಾಗಿ ಬಿಸಿಮಾಡುತ್ತಾರೆ. ಸುಲಿದು ತೆಗೆದ ರಬ್ಬರ್ ತುಂಡಿಗೆ ತೂತು ಕೊರೆದು, ಪ್ಲಾಸ್ಮಾದಿಂದ ಮೇಲ್ಮೈ ಹದಗೊಳಿಸಿ ಗಾಜಿಗೆ ಅಂಟಿಸಿದರೆ ಮುಗಿಯಿತು. ಶುದ್ಧಕೋಣೆ ಬೇಕಾಗುವುದು ಅಚ್ಚಿಗೆ ಮಾತ್ರ. ಒಂದು ಅಚ್ಚಿನಿಂದ ಎಷ್ಟೋ ಚಿಪ್ ಎರೆಯಬಹುದು, ಆ ಕೆಲಸಕ್ಕೆ ಸಾಧಾರಣ ಪ್ರಯೋಗಾಲಯ ಸಾಕು.

ಪಿಡಿಎಂಎಸ್ ಬೆಳಕನ್ನೂ ಗಾಳಿಯನ್ನೂ ತನ್ನೊಳಗೆ ಬಿಡುವುದರಿಂದ ಕೋಶ ಉಸಿರುಗಟ್ಟುವುದಿಲ್ಲ, ಸೂಕ್ಷ್ಮದರ್ಶಕಕ್ಕೂ ಅಡ್ಡಿಯಿಲ್ಲ. ದೋಷಗಳೂ ಅದೇ ಗುಣದಿಂದ ಬಂದವು. ನೀರಿನ ಆವಿ ಅದರ ಮೂಲಕ ಸೋರಿಹೋಗುತ್ತದೆ. ಎಣ್ಣೆಯಲ್ಲಿ ಸುಲಭವಾಗಿ ಕರಗುವ ಸಣ್ಣ ಅಣುಗಳನ್ನು ಅದು ಹೀರಿಕೊಳ್ಳುತ್ತದೆ. ಹಾರ್ಮೋನು, ಕಳೆನಾಶಕಗಳ ಪ್ರಮಾಣವನ್ನು ಪರೀಕ್ಷಿಸುವವರು ತಾವು ಹಾಕಿದ್ದೆಲ್ಲ ಕೋಶಕ್ಕೆ ಮುಟ್ಟಿತೆಂದು ನಂಬುವಂತಿಲ್ಲ.

ಹರಿವು

ಸರಳವಾದ ಚಿಪ್‌ಗಳಿಗೆ ಪಂಪು ಬೇಡ. ಒಳಹರಿವಿನ ಕೊಳವೆಯನ್ನು ಹೊರಹರಿವಿನದಕ್ಕಿಂತ ಹತ್ತು ಸೆಂಟಿಮೀಟರ್ ಮೇಲೆ ಹಿಡಿದರೆ ವಾಯುಭಾರದ ನೂರರಲ್ಲೊಂದು ಪಾಲಿನಷ್ಟು ಒತ್ತಡ ಸಿಗುತ್ತದೆ, ಕೋಶಗಳನ್ನು ಸಾಗಿಸಲು ಅದು ಸಾಕು. ವಿಜಯಪುರದ ಪಶ್ಚಿಮಕ್ಕಿರುವ ತೊರವಿಯ ಸುರಂಗ ಬಾವಡಿಯಿಂದ ಆದಿಲ್‌ಶಾಹಿ ಕಾಲದಲ್ಲಿ ನೆಲದಡಿಯ ಸುರಂಗದಲ್ಲಿ ಪಟ್ಟಣಕ್ಕೆ ನೀರು ಹರಿದದ್ದೂ ಇಳಿಜಾರಿನ ಬಲದಿಂದಲೇ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಸುರಂಗದ ನೀರು ಸುಳಿಯುತ್ತದೆ, ಕಲಕುತ್ತದೆ, ಹೂಳನ್ನು ಹೊತ್ತು ತರುತ್ತದೆ. ಚಿಪ್‌ನ ಕಾಲುವೆಯಲ್ಲಿ ನೀರಿನ ಜಡತ್ವಕ್ಕಿಂತ ಅದರ ಸ್ನಿಗ್ಧತೆಯದೇ ಮೇಲುಗೈ; ಅಲ್ಲಿ ಸುಳಿ ಏಳುವುದೇ ಇಲ್ಲ. ಎರಡು ದ್ರಾವಣಗಳನ್ನು ಅಕ್ಕಪಕ್ಕ ಹರಿಯಬಿಟ್ಟರೆ ಕಲಸಿಕೊಳ್ಳದೆ ಎರಡು ಪಟ್ಟಿಗಳಾಗಿ ಸಾಗುತ್ತವೆ, ವಿಸರಣದಿಂದ ಮಾತ್ರ ನಿಧಾನವಾಗಿ ಬೆರೆಯುತ್ತವೆ. ಸಣ್ಣ ಅಣುವೊಂದು ನೂರು ಮೈಕ್ರಾನ್ ದಾಟಲು ಸುಮಾರು ಹತ್ತು ಸೆಕೆಂಡು ಹಿಡಿಯುತ್ತದೆ. ಬೇಕಾದ ಕಡೆ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ರಾಸಾಯನಿಕವನ್ನು ಕೋಶಕ್ಕೆ ತಾಗಿಸುವ ಹಿಡಿತ ಸಂಶೋಧಕರಿಗೆ ದಕ್ಕಿದ್ದು ಈ ಗುಣದಿಂದ. ಗಾಜಿನ ತಟ್ಟೆಯಲ್ಲಾಗಲಿ ಶೀಷೆಯಲ್ಲಾಗಲಿ ಇದು ಸಾಧ್ಯವಿರಲಿಲ್ಲ.

ಭಿತ್ತಿ ಮತ್ತು ಒತ್ತಡ

ಸಸ್ಯಕೋಶದ ಒಳಗಿನ ಬಹುಪಾಲು ಜಾಗ ರಸದಾನಿಯದು. ಅದರೊಳಗಿನ ಲವಣ, ಸಕ್ಕರೆಗಳು ಹೊರಗಿನಿಂದ ನೀರನ್ನು ಎಳೆಯುತ್ತವೆ. ಕೋಶ ಉಬ್ಬಲು ಹವಣಿಸುತ್ತದೆ, ಭಿತ್ತಿ ತಡೆಯುತ್ತದೆ. ಹೀಗೆ ಹುಟ್ಟುವ ಟರ್ಗರ್ ಒತ್ತಡ ಸಾಮಾನ್ಯವಾಗಿ ವಾಯುಭಾರದ ಮೂರರಿಂದ ಹತ್ತು ಪಟ್ಟು. ಎಳೆಕಾಂಡ ನೆಟ್ಟಗೆ ನಿಲ್ಲುವುದು, ಎಲೆಯ ರಂಧ್ರ ತೆರೆದು ಮುಚ್ಚುವುದು, ಬೇರು ಮಣ್ಣನ್ನು ಸೀಳಿ ಹೋಗುವುದು, ಎಲ್ಲಕ್ಕೂ ಇದೇ ಬಲ. ಪ್ರಾಣಿಕೋಶಕ್ಕೆ ಇದಿಲ್ಲ. ಆದ್ದರಿಂದ ಪ್ರಾಣಿಕೋಶಕ್ಕೆಂದು ಮಾಡಿದ ಚಿಪ್ ತಂದು ಸಸ್ಯಕೋಶ ಹಾಕಿದರೆ ಸಾಕೆನ್ನುವಂತಿಲ್ಲ. ಅಕ್ಕಪಕ್ಕದ ಕೋಶಗಳು ಪೆಕ್ಟಿನ್‌ನಿಂದ ಬೆಸೆದುಕೊಂಡಿರುವುದರಿಂದ ಬಿಡಿಸುವುದೂ ಕಷ್ಟ.

ಕತ್ತರಿಸಿ ಬಿಡಿಸುವ ಪ್ರಯತ್ನ 1892ರಷ್ಟು ಹಳೆಯದು. ಕ್ಲೆರ್ಕರ್ ಎಂಬ ವಿಜ್ಞಾನಿ ನೀರುಗಿಡವೊಂದರ ಕೋಶಗಳನ್ನು ಗಾಢ ದ್ರಾವಣದಲ್ಲಿ ಕುಗ್ಗಿಸಿ, ಭಿತ್ತಿ ಸೀಳಿ, ಒಳಗಿನ ಜೀವದ್ರವ್ಯವನ್ನು ಹೊರತೆಗೆದ. ಕೈಗೆ ಸಿಕ್ಕದ್ದು ಬೆರಳೆಣಿಕೆಯಷ್ಟು. ದೊಡ್ಡ ತಿರುವು ಬಂದದ್ದು 1960ರಲ್ಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಎಡ್ವರ್ಡ್ ಕಾಕಿಂಗ್ ಶಿಲೀಂಧ್ರದಿಂದ ತೆಗೆದ ಸೆಲ್ಯುಲೇಸ್ ಕಿಣ್ವದಿಂದ ಟೊಮ್ಯಾಟೊ ಬೇರುತುದಿಯ ಭಿತ್ತಿಯನ್ನು ಕರಗಿಸಿದರು. ಭಿತ್ತಿ ಕಳಚಿದ, ಪೊರೆ ಮಾತ್ರ ಉಳಿದ ಈ ಗೋಲಾಕಾರದ ಕೋಶಕ್ಕೆ ಪ್ರೋಟೋಪ್ಲಾಸ್ಟ್ ಎಂದು ಹೆಸರು. 1971ರಲ್ಲಿ ಜಪಾನಿನ ತಾಕೆಬೆ ಮತ್ತು ಜೊತೆಗಾರರು ತಂಬಾಕಿನ ಎಲೆಯ ಪ್ರೋಟೋಪ್ಲಾಸ್ಟ್‌ನಿಂದ ಇಡೀ ಗಿಡವನ್ನೇ ಬೆಳೆಸಿ ತೋರಿಸಿದರು.

ಪ್ರೋಟೋಪ್ಲಾಸ್ಟ್ ಬಲು ನಾಜೂಕು. ಶುದ್ಧ ನೀರಿಗೆ ಬಿದ್ದರೆ ಒಡೆಯುತ್ತದೆ. ಮ್ಯಾನಿಟಾಲ್‌ನಂಥ ಸಕ್ಕರೆ ಮದ್ಯಸಾರವನ್ನು ಲೀಟರಿಗೆ ಅರ್ಧ ಮೋಲಿನ ಆಸುಪಾಸು ಕರಗಿಸಿ ಒಳಗು ಹೊರಗಿನ ಅಭಿಸರಣವನ್ನು ಸರಿದೂಗಿಸಬೇಕು. ಚಿಪ್‌ನಲ್ಲಿರುವ ದ್ರವ ತೀರ ಸ್ವಲ್ಪ. ಕೊಂಚ ಆವಿಯಾದರೂ ಈ ಲೆಕ್ಕ ತಪ್ಪಿ ಕೋಶ ಮುದುಡುತ್ತದೆ. ಹರಿವಿನ ವೇಗ ಹೆಚ್ಚಿದರೆ ಉಜ್ಜಾಟಕ್ಕೆ ಪೊರೆ ಹರಿಯುತ್ತದೆ. ಗಾತ್ರವೂ ಒಂದೇ ಸಮನಿಲ್ಲ. ಒಂದೇ ಎಲೆಯಿಂದ ಬಂದವುಗಳಲ್ಲೂ ಸಣ್ಣದು ದೊಡ್ಡದು ಬೆರೆತಿದ್ದು, ದೊಡ್ಡದಕ್ಕೆ ಅಳತೆ ಮಾಡಿದ ಗೂಡಿನಿಂದ ಸಣ್ಣದು ಜಾರಿಹೋಗುತ್ತದೆ. ಇಷ್ಟಾದರೂ ಸಂಶೋಧಕರಿಗೆ ಪ್ರೋಟೋಪ್ಲಾಸ್ಟ್ ಮೇಲೆ ಮೋಹ ಕಡಿಮೆಯಾಗಿಲ್ಲ, ಏಕೆಂದರೆ ಅದು ಕೈಬಿಟ್ಟ ಭಿತ್ತಿಯನ್ನು ಕೆಲವು ಗಂಟೆಗಳಲ್ಲೇ ಮತ್ತೆ ಕಟ್ಟಲು ಶುರುಮಾಡುತ್ತದೆ. ಭಿತ್ತಿ ಶೂನ್ಯದಿಂದ ಹೇಗೆ ಮೂಡುತ್ತದೆಂಬುದನ್ನು ನೋಡಲು ಬೇರೆ ಕಿಟಕಿಯಿಲ್ಲ.

ಹಿಡಿಯುವ ಬಗೆಗಳು

ಹರಿವಿನಿಂದಲೇ ಹಿಡಿಯುವುದು ಹೆಚ್ಚು ಬಳಕೆಯಲ್ಲಿದೆ. ಕಾಲುವೆಯಲ್ಲಿ ಬೊಗಸೆಯಾಕಾರದ ಪುಟ್ಟ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಅಡಿಯಲ್ಲಿ ದ್ರವ ನುಸುಳುವಷ್ಟು ಸಂದು ಬಿಡುತ್ತಾರೆ. ಹರಿವು ಕೋಶವನ್ನು ಬೊಗಸೆಗೆ ತಂದು ಕೂರಿಸುತ್ತದೆ. ಕೋಶ ಕೂತ ಮೇಲೆ ಸಂದು ಮುಚ್ಚಿ ಹರಿವು ಪಕ್ಕಕ್ಕೆ ತಿರುಗುವುದರಿಂದ ಎರಡನೆಯ ಕೋಶ ಅಲ್ಲಿಗೆ ಬರುವುದಿಲ್ಲ. ಬರ್ಕ್ಲಿಯ ಡಿ ಕಾರ್ಲೊ ಮತ್ತು ಲ್ಯೂಕ್ ಲೀ 2006ರಲ್ಲಿ ಮನುಷ್ಯ ಕೋಶಗಳಿಗಾಗಿ ಇದನ್ನು ರೂಪಿಸಿದರು. ಅದೇ ವರ್ಷ ಕೊರಿಯಾದ ತಂಡವೊಂದು ತಂಬಾಕಿನ ಪ್ರೋಟೋಪ್ಲಾಸ್ಟ್‌ಗಳನ್ನು ಪಿಡಿಎಂಎಸ್ ಕಾಲುವೆಯಲ್ಲಿ ಸಾಕಿತು. 2019ರಲ್ಲಿ ಫ್ರಾನ್ಸ್‌ನ ಸಂಶೋಧಕರು ಫಿಸ್ಕೊಮಿಟ್ರೆಲ್ಲಾ ಎಂಬ ಹಾವಸೆಯ ಪ್ರೋಟೋಪ್ಲಾಸ್ಟ್‌ಗಳಿಗೆಂದೇ ಒಂದು ಗುಂಪು ಚಿಪ್‌ಗಳನ್ನು ಪ್ರಕಟಿಸಿದರು. ಹಾವಸೆಯ ಆಯ್ಕೆ ಜಾಣತನದ್ದು. ಅದರ ಪ್ರೋಟೋಪ್ಲಾಸ್ಟ್ ಹಾರ್ಮೋನಿನ ಹಂಗಿಲ್ಲದೆ ನೇರವಾಗಿ ಎಳೆಯಾಗಿ ಬೆಳೆಯುತ್ತದೆ. ತಂಬಾಕಿನಂತೆ ನಡುವೆ ಕೋಶಗಳ ಗಡ್ಡೆಯಾಗಿ ಕಾಯಿಸುವುದಿಲ್ಲ.

ಎರಡನೆಯದು ಗುಳಿಗಳಲ್ಲಿ ಕೂರಿಸುವುದು. ಹರಿವು ಬೇಡ, ಕೋಶ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಗುಳಿಯ ಆಕಾರವನ್ನೇ ಪ್ರಶ್ನೆಯಾಗಿಸಿದ್ದು ಈ ವಿಧಾನದ ಸೊಗಸು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಪೀಟರ್ ನಿಕ್ ಅವರ ತಂಡ 2014ರಲ್ಲಿ ತಂಬಾಕಿನ ಪ್ರೋಟೋಪ್ಲಾಸ್ಟ್‌ಗಳನ್ನು ಆಯತಾಕಾರದ ಪುಟ್ಟ ತೊಟ್ಟಿಗಳಲ್ಲಿ ಬೆಳೆಸಿ, ತಮ್ಮ ಸುತ್ತಲಿನ ಜಾಗದ ಆಕಾರವನ್ನು ಅರಿಯಲು ಅವು ಆಕ್ಸಿನ್ ಹಾರ್ಮೋನಿನ ಹೊರಹರಿವನ್ನು ಬಳಸುತ್ತವೆಂದು ತೋರಿಸಿತು. 2020ರಲ್ಲಿ ದ್ಯೂರಾನ್-ಸ್ಮೆ ಮತ್ತು ಸಂಗಡಿಗರು ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡದ ಬಿಡಿಕೋಶಗಳನ್ನು ನಾನಾ ಆಕಾರದ ಗುಳಿಗಳಲ್ಲಿಟ್ಟು ಕೋಶದೊಳಗಿನ ಸೂಕ್ಷ್ಮನಾಳಗಳ ಚಿತ್ರ ತೆಗೆದರು. ನಾಳಗಳು ಕೋಶದ ಉದ್ದಕ್ಕೆ ಹೊಂದಿಕೊಂಡು ಮಲಗಿದ್ದವು. ಬೆಳೆಯುತ್ತಿರುವ ಬೇರು ಕಾಂಡಗಳಲ್ಲಿ ಇವು ಸಾಮಾನ್ಯವಾಗಿ ಉದ್ದಕ್ಕೆ ಅಡ್ಡವಾಗಿರುತ್ತವೆ. ನೆರೆಕೋಶಗಳ ಎಳೆತ, ಭಿತ್ತಿಯ ಬಿಗಿ ಇಲ್ಲದಿದ್ದಾಗ ಕೋಶದ ಆಕಾರವೇ ದಿಕ್ಕು ಹೇಳುತ್ತದೆ ಎಂಬುದು ಇದರಿಂದ ಹೊರಡುವ ಅರ್ಥ. ಬಿಡಿಕೋಶ ಗಿಡದೊಳಗಿನ ಕೋಶದ ಹಾಗೆ ನಡೆದುಕೊಳ್ಳುವುದಿಲ್ಲವೆಂಬ ಆಕ್ಷೇಪವನ್ನೇ ಪ್ರಯೋಗದ ಬಂಡವಾಳವಾಗಿಸಿದ ಈ ಕೆಲಸ ಇಡೀ ಕ್ಷೇತ್ರದ ಉತ್ತಮ ಉದಾಹರಣೆಗಳಲ್ಲಿ ಒಂದು.

ವಿದ್ಯುತ್ತಿನಿಂದ ಹಿಡಿಯುವುದೂ ಉಂಟು. ಏಕರೂಪವಲ್ಲದ ಪರ್ಯಾಯ ವಿದ್ಯುತ್ ಕ್ಷೇತ್ರ ಕೋಶವನ್ನು ಒಂದೆಡೆ ಸೆಳೆಯುತ್ತದೆ ಅಥವಾ ದೂಡುತ್ತದೆ. ಮಾಧ್ಯಮದಲ್ಲಿ ಲವಣ ಕಡಿಮೆಯಿದ್ದಷ್ಟೂ ಇದು ಚೆನ್ನಾಗಿ ನಡೆಯುತ್ತದೆ. ಮ್ಯಾನಿಟಾಲ್‌ಗೆ ವಿದ್ಯುದಂಶ ಇಲ್ಲವಾದ್ದರಿಂದ ಪ್ರೋಟೋಪ್ಲಾಸ್ಟ್‌ಗೆ ಈ ಬಗೆ ತಾನಾಗಿಯೇ ಒಗ್ಗುತ್ತದೆ. ಹೀಗೆ ಸೆಳೆದು ಜೋಡಿಸಿದ ಎರಡು ಕೋಶಗಳನ್ನು ಚಿಕ್ಕ ಮಿಡಿತದಿಂದ ಬೆಸೆದು ಒಂದಾಗಿಸುವ ತಂತ್ರ 1980ರ ದಶಕದಿಂದ ಬಳಕೆಯಲ್ಲಿದೆ. ಬೆಳಕಿನ ಚಿಮುಟ ಇನ್ನೊಂದು ದಾರಿ. ಅದನ್ನು ಕಂಡುಹಿಡಿದು 2018ರ ನೊಬೆಲ್ ಪಡೆದ ಆರ್ಥರ್ ಆಶ್ಕಿನ್ 1989ರಷ್ಟು ಹಿಂದೆಯೇ ಅವಕೆಂಪು ಲೇಸರ್‌ನಿಂದ ಸಸ್ಯಕೋಶದ ಒಳಗಿನ ಜೀವದ್ರವ್ಯದ ಎಳೆಗಳನ್ನು ಹಿಡಿದೆಳೆದು ನೋಡಿದ್ದರು.

ಬೆಳಕಿನ ವಿಷಯದಲ್ಲಿ ಎಚ್ಚರಿಕೆಯ ಮಾತೊಂದಿದೆ. ಪತ್ರಹರಿತ್ತು ತಾನೇ ಕೆಂಪಾಗಿ ಹೊಳೆಯುತ್ತದೆ, ಇತರ ಪ್ರತಿದೀಪ್ತಿ ಬಣ್ಣಗಳನ್ನು ಮಸುಕಾಗಿಸುತ್ತದೆ. ಅಷ್ಟೇ ಅಲ್ಲ, ಹಸಿರುಕೋಶವನ್ನು ನೋಡಲು ಹಾಯಿಸಿದ ಬೆಳಕೇ ಅದಕ್ಕೆ ಆಹಾರ ತಯಾರಿಸುವ ಸೂಚನೆ. ನೋಡುವ ಕ್ರಿಯೆ ನೋಡಲ್ಪಡುವುದನ್ನು ಬದಲಿಸುವ ತೊಡಕು ಇಲ್ಲಿ ಪ್ರಾಣಿಕೋಶಕ್ಕಿಂತ ಹೆಚ್ಚು.

ಪರಾಗನಳಿಕೆ

ಭಿತ್ತಿ ಕಳಚದೆಯೂ ಬಿಡಿಯಾಗಿ ಸಿಗುವ ಸಸ್ಯಕೋಶವೊಂದನ್ನು ನಿಸರ್ಗವೇ ಒದಗಿಸಿದೆ. ಶಲಾಕಾಗ್ರದ ಮೇಲೆ ಬಿದ್ದ ಪರಾಗರೇಣು ಮೊಳೆತು ನಳಿಕೆ ಚಾಚುತ್ತದೆ. ಇಡೀ ನಳಿಕೆ ಒಂದೇ ಕೋಶ, ಬೆಳೆಯುವುದು ತುದಿಯಲ್ಲಿ ಮಾತ್ರ. ಸಸ್ಯಕೋಶಗಳಲ್ಲಿ ಇದರಷ್ಟು ವೇಗವಾಗಿ ಬೆಳೆಯುವುದು ಬೇರೆಯಿಲ್ಲ. ಸಕ್ಕರೆ, ಬೋರಿಕ್ ಆಮ್ಲ, ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ ನಿತ್ಯಪುಷ್ಪದ ಪರಾಗವನ್ನು ಮೊಳೆಯಿಸುವ ಪ್ರಯೋಗವನ್ನು ನಮ್ಮ ಪದವಿ ಕಾಲೇಜುಗಳ ಸಸ್ಯಶಾಸ್ತ್ರ ವಿದ್ಯಾರ್ಥಿಗಳು ಮಾಡಿಯೇ ಇರುತ್ತಾರೆ. ಬ್ರೂಬೇಕರ್ ಮತ್ತು ಕ್ವಾಕ್ 1963ರಲ್ಲಿ ಕೊಟ್ಟ ಆ ಪಾಕವಿಧಿ ಇಂದಿಗೂ ಚಲಾವಣೆಯಲ್ಲಿದೆ. ಗಾಜಿನ ಮೇಲಿನ ಹನಿಯಲ್ಲಿ ನಳಿಕೆಗಳು ದಿಕ್ಕಾಪಾಲಾಗಿ ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಚಿಪ್ ಅವನ್ನು ಒಂದೊಂದು ಕಾಲುವೆಗೆ ಒಂದರಂತೆ ಸಾಲಿಗೆ ತರುತ್ತದೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಆನಿಯಾ ಗೈಟ್‌ಮನ್ ಮತ್ತು ಮುತ್ತುಕುಮಾರನ್ ಪಕಿರಿಸಾಮಿ ಅವರ ತಂಡಗಳು ಕೂಡಿ 2013ರಲ್ಲಿ ಪ್ರಕಟಿಸಿದ ‘ಟಿಪ್‌ಚಿಪ್’ ಇದಕ್ಕೆಂದೇ ಮಾಡಿದ್ದು. ಕ್ಯಾಮೆಲಿಯ ಹೂವಿನ ಪರಾಗನಳಿಕೆಗಳನ್ನು ಅವರು ಪಿಡಿಎಂಎಸ್ ಗೋಡೆಗಳ ನಡುವಿನ ಕಿರಿದಾದ ಸಂದುಗಳತ್ತ ಕಳಿಸಿದರು. ನುಗ್ಗುವ ನಳಿಕೆ ರಬ್ಬರ್ ಗೋಡೆಯನ್ನು ಬಗ್ಗಿಸುತ್ತದೆ. ಎಷ್ಟು ಬಗ್ಗಿತೆಂದು ಅಳೆದು ಬಲವನ್ನು ಗಣಿಸಬಹುದು. ಪಿಡಿಎಂಎಸ್‌ನ ಮೆತುತನ ಇಲ್ಲಿ ದೋಷವಾಗದೆ ತಕ್ಕಡಿಯಾಯಿತು. ಅಡ್ಡಿ ಹೆಚ್ಚಿದಂತೆ ನಳಿಕೆ ತುದಿಯ ಭಿತ್ತಿಯ ಬಿಗಿಯನ್ನು ಬದಲಿಸಿಕೊಂಡು ಒತ್ತುವ ಬಲವನ್ನು ಹೊಂದಿಸಿಕೊಳ್ಳುತ್ತಿತ್ತು. ಇಕ್ಕಟ್ಟಾದ ಸಂದನ್ನು ದಾಟಿ ಆಚೆ ಬಂದ ನಳಿಕೆಗಳು ಹಲವು ಬಾರಿ ಒಡೆದುಹೋದವು. ಹೂವಿನೊಳಗೆ ಅಂಡಕವನ್ನು ತಲುಪಿದ ನಳಿಕೆ ಒಡೆದೇ ವೀರ್ಯಕೋಶಗಳನ್ನು ಬಿಡುವುದರಿಂದ, ಆ ಒಡೆತಕ್ಕೂ ಇಕ್ಕಟ್ಟಿಗೂ ನಂಟಿದೆಯೇ ಎಂಬ ಹೊಸ ಪ್ರಶ್ನೆ ಎದ್ದಿತು. ಜಪಾನಿನ ನಗೋಯದಲ್ಲಿ 2017ರಲ್ಲಿ ಇನ್ನೂ ಕಟುವಾದ ಪರೀಕ್ಷೆ ನಡೆಯಿತು. ಅಲ್ಲಿ ಸಂದಿನ ಅಗಲ ಒಂದೇ ಮೈಕ್ರಾನ್. ಪರಾಗನಳಿಕೆ, ಬೇರುರೋಮ, ಹಾವಸೆಯ ಎಳೆ ಮೂರೂ ತಮ್ಮ ದಪ್ಪಕ್ಕಿಂತ ಎಷ್ಟೋ ಕಿರಿದಾದ ಆ ಸಂದಿಯಲ್ಲಿ ತೂರಿ ಬಂದವು.

ಹೂವಿನೊಳಗೆ ನಳಿಕೆ ದಾರಿ ಕಂಡುಕೊಳ್ಳುವುದು ಹೇಗೆಂಬುದು ಭ್ರೂಣಶಾಸ್ತ್ರದ ಹಳೆಯ ಒಗಟು, ಬಿ. ಜಿ. ಎಲ್. ಸ್ವಾಮಿ ಅವರ ಮೂಲಕ ಸಸ್ಯಭ್ರೂಣಶಾಸ್ತ್ರದ ಪರಿಚಯವಾದ ಕನ್ನಡ ಓದುಗರಿಗೆ ಈ ಪ್ರಶ್ನೆ ಹೊಸದೇನಲ್ಲ. ನಗೋಯದ ಹಿಗಾಶಿಯಾಮಾ ಅವರ ತಂಡ 2009ರಲ್ಲಿ ಟೊರೇನಿಯ ಗಿಡದಲ್ಲಿ ಅಂಡಕದ ಸಹಾಯಕ ಕೋಶಗಳು ಸ್ರವಿಸುವ, ನಳಿಕೆಯನ್ನು ಸೆಳೆಯುವ ಸಣ್ಣ ಪ್ರೋಟೀನುಗಳನ್ನು ಗುರುತಿಸಿತು. ಚಿಪ್ ಬಂದ ಮೇಲೆ ಸೆಳೆತವನ್ನು ಅಳೆಯುವುದೂ ಸಾಧ್ಯವಾಯಿತು. ಕತ್ತರಿಸಿದ ಶಲಾಕೆಯನ್ನು ಕಾಲುವೆಯ ಬಾಯಿಗಿಟ್ಟು, ಕವಲಿನ ಒಂದು ಕಡೆ ಅಂಡಕಗಳನ್ನಿಟ್ಟು ಇನ್ನೊಂದು ಕಡೆ ಖಾಲಿ ಬಿಟ್ಟರೆ, ಎಷ್ಟು ನಳಿಕೆ ಎತ್ತ ತಿರುಗಿತೆಂದು ಎಣಿಸಿದರೆ ಸಾಕು.

ಬೇರು ಮತ್ತು ಹನಿ

ಕೋಶವನ್ನು ಬಿಡಿಸಲೇಬೇಡಿ, ಸಸ್ಯವನ್ನೇ ಚಿಪ್‌ಗೆ ತನ್ನಿ ಎಂಬುದು ಇನ್ನೊಂದು ನಿಲುವು. 2011ರ ‘ರೂಟ್‌ಚಿಪ್’ನಲ್ಲಿ ಗ್ರಾಸ್‌ಮನ್, ಫ್ರೊಮರ್, ಕ್ವೇಕ್ ಮೊದಲಾದವರು ಎಂಟು ಅರಾಬಿಡಾಪ್ಸಿಸ್ ಸಸಿಗಳ ಬೇರುಗಳನ್ನು ಎಂಟು ಕೋಣೆಗಳಿಗೆ ಇಳಿಸಿ, ಹೊರಗಿನ ಗ್ಲೂಕೋಸ್ ಏರಿಳಿದಾಗ ಕೋಶದೊಳಗಿನ ಸಕ್ಕರೆ ಹೇಗೆ ಏರಿಳಿಯುತ್ತದೆಂಬುದನ್ನು ನೇರವಾಗಿ ನೋಡಿದರು. ಬೇರಿನ ಒಂದು ಮಗ್ಗುಲಿಗೆ ಒಂದು ದ್ರಾವಣ, ಇನ್ನೊಂದು ಮಗ್ಗುಲಿಗೆ ಮತ್ತೊಂದು ಹರಿಸುವ ಚಿಪ್ 2018ರಲ್ಲಿ ಬಂತು. ಮಣ್ಣಿನಲ್ಲಿ ಬೇರಿಗೆ ಎದುರಾಗುವ ಸ್ಥಿತಿ ನಿಜಕ್ಕೂ ಹೀಗೆಯೇ, ಒಂದು ಕಡೆ ತೇವ, ಒಂದು ಕಡೆ ಒಣ.

ಹನಿಯ ತಂತ್ರದಲ್ಲಿ ಕೋಶವನ್ನು ಗೂಡಿನ ಬದಲು ಎಣ್ಣೆಯಲ್ಲಿ ತೇಲುವ ನೀರಿನ ಹನಿಯೊಳಗೆ ಬಂಧಿಸುತ್ತಾರೆ. ಕೇಂಬ್ರಿಜ್‌ನಲ್ಲಿ 2018ರಲ್ಲಿ ಮಾರ್ಕಾಂಶಿಯ ಎಂಬ ಸಸ್ಯದ ಪ್ರೋಟೋಪ್ಲಾಸ್ಟ್‌ಗಳನ್ನು ಹೀಗೆ ಹನಿಗಳಲ್ಲಿಟ್ಟು ಅವುಗಳ ಹೊಳಪಿನ ಮೇಲೆ ವಿಂಗಡಿಸಿದರು. ಮರುವರ್ಷ ಹಲವು ಗುಂಪುಗಳು ಅರಾಬಿಡಾಪ್ಸಿಸ್ ಬೇರಿನ ಸಾವಿರಾರು ಬಿಡಿಕೋಶಗಳಲ್ಲಿ ಯಾವ ವಂಶವಾಹಿ ಚುರುಕಾಗಿದೆಯೆಂಬ ಪಟ್ಟಿಗಳನ್ನು ಬೆನ್ನುಬೆನ್ನಿಗೇ ಪ್ರಕಟಿಸಿದವು. ಇವಕ್ಕೆ ಆಧಾರ ಹನಿಯ ಚಿಪ್ಪೇ. ಭಿತ್ತಿ ಕರಗಿಸುವ ಹೊತ್ತಿನಲ್ಲೇ ಒಂದಷ್ಟು ವಂಶವಾಹಿಗಳ ನಡೆ ಬದಲಾಗಿಬಿಡುತ್ತದೆ, ಅವನ್ನು ಪಟ್ಟಿಯಿಂದ ತೆಗೆದು ಲೆಕ್ಕ ಮಾಡಬೇಕಾಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ ಈ ತಂತ್ರ ಗಟ್ಟಿಯಾಗಿ ಬೇರೂರಿದ್ದು ಪ್ರಾಣಿಗಳ ಅಧ್ಯಯನದಲ್ಲಿ. ಸಂಧ್ಯಾ ಕೌಶಿಕ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ವಿ. ವೆಂಕಟರಾಮನ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಎರಡು ಪದರದ ಪಿಡಿಎಂಎಸ್ ಚಿಪ್‌ನಲ್ಲಿ ಅನಿಲದ ಒತ್ತಡಕ್ಕೆ ತೆಳುಪೊರೆಯೊಂದು ಕೆಳಗೆ ಉಬ್ಬಿ, ದುಂಡುಹುಳುವನ್ನು ಗಾಜಿಗೆ ಮೆಲ್ಲಗೆ ಒತ್ತಿ ಹಿಡಿಯುತ್ತದೆ. ಅರಿವಳಿಕೆ ಕೊಡದೆ ಅದರ ನರಕೋಶದೊಳಗಿನ ಸಾಗಾಟವನ್ನು ನೋಡಬಹುದು; ಹಣ್ಣುನೊಣದ ಮರಿಹುಳು, ಜೀಬ್ರಾಮೀನಿನ ಮರಿಗೂ ಅದೇ ಉಪಾಯ ನಡೆಯಿತು. ಸಸ್ಯಕ್ಕೆ ಇದನ್ನು ಹಾಗೆಯೇ ತರಲಾಗದು. ವಾಯುಭಾರದ ಹಲವು ಪಟ್ಟು ಒಳಒತ್ತಡವಿರುವ ಭಿತ್ತಿಯುಳ್ಳ ಕೋಶ ಆ ಪೊರೆಗೆ ಮಣಿಯುವುದಿಲ್ಲ. ಮಣಿಯುವ ಪ್ರೋಟೋಪ್ಲಾಸ್ಟ್‌ಗೆ ಅಷ್ಟು ಒತ್ತಡವೇ ಹೆಚ್ಚು. ಅಚ್ಚು ತಯಾರಿಸುವ ಶುದ್ಧಕೋಣೆ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿದೆ. 2008ರಲ್ಲಿ ಶುರುವಾದ ಭಾರತೀಯ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದಡಿ ಹೊರಗಿನ ವಿಶ್ವವಿದ್ಯಾಲಯದವರೂ ಅಲ್ಲಿನ ಸೌಲಭ್ಯ ಬಳಸಲು ಅವಕಾಶವಾಯಿತು.

ಹಾಗಾದರೆ ತೊರವಿಯಂಥ ಊರಿನಲ್ಲಿ, 2003ರಲ್ಲಿ ಸ್ಥಾಪನೆಯಾದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣ ಇರುವಲ್ಲಿ, ಇಂಥ ಕೆಲಸಕ್ಕೆ ತಕ್ಕ ಬೆಳೆ ಯಾವುದು? ಸುತ್ತಲಿನ ಎರೆಯಲ್ಲಿ ಎರಡು ಬೆಳೆಗಳು ಎದುರಿಗೇ ಇವೆ.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಮೊದಲನೆಯದು. ಒಣದ್ರಾಕ್ಷಿಗೆ ಹೆಸರಾದ ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಗರ್ಭಕಟ್ಟಿದರೂ ಭ್ರೂಣ ನಡುವೆಯೇ ಕಮರುತ್ತದೆ. ತಾಯಿಗಿಡವಾಗಿ ಬಳಸಿ ಹೊಸ ತಳಿ ಎಬ್ಬಿಸಬೇಕಾದರೆ ಎಳೆಭ್ರೂಣವನ್ನು ಹೊರತೆಗೆದು ಕೃತಕ ಮಾಧ್ಯಮದಲ್ಲಿ ಬದುಕಿಸಬೇಕು. ಅದಕ್ಕೇ ಒಂದೇ ಕೋಶದ ವಂಶವಾಹಿಯನ್ನು ನೇರ ತಿದ್ದುವ ದಾರಿ ದ್ರಾಕ್ಷಿಯಲ್ಲಿ ಆಸೆ ಹುಟ್ಟಿಸಿದೆ. 2016ರಲ್ಲಿ ಮಾಲ್ನೊಯ್ ಮತ್ತು ಸಂಗಡಿಗರು ಶಾರ್ಡೊನೆ ದ್ರಾಕ್ಷಿಯ ಪ್ರೋಟೋಪ್ಲಾಸ್ಟ್‌ಗಳಿಗೆ ಕ್ರಿಸ್ಪರ್ ಕತ್ತರಿಯನ್ನು ಹೊರಗಿನ ಡಿಎನ್‌ಎ ಸೇರಿಸದೆ ಒಳಬಿಟ್ಟು, ಬೂದಿ ರೋಗಕ್ಕೆ ಬಾಗಿಲು ತೆರೆಯುವ ಎಂಎಲ್‌ಒ ಗುಂಪಿನ ವಂಶವಾಹಿಯೊಂದನ್ನು ತಿದ್ದಿದರು. ತಿದ್ದಿದ ಕೋಶ ಸಿಗುವುದು ಸುಲಭ, ಅದು ಗಿಡವಾಗುವುದು ಕಷ್ಟ. ಯಾವ ಕೋಶ ಭಿತ್ತಿ ಕಟ್ಟಿತು, ಯಾವುದು ಒಡೆಯಿತು, ಯಾವುದು ನಿಂತೇಹೋಯಿತು ಎಂದು ದಿನಗಟ್ಟಲೆ ಒಂದೊಂದನ್ನೇ ಹಿಂಬಾಲಿಸಲು ಚಿಪ್‌ನ ಗೂಡುಗಳು ಹೇಳಿಮಾಡಿಸಿದಂತಿವೆ.

ಎರಡನೆಯದು ಹಿಂಗಾರಿ ಜೋಳ. ಡೋಣಿ ಬಯಲಿನ ಮಾಲದಂಡಿ ಮಳೆ ನಿಂತ ಮೇಲೆ ನೆಲದಲ್ಲುಳಿದ ತೇವ ನಂಬಿ ಬೆಳೆಯುವ ಬೆಳೆ, ಅದರ ಬಾಳೆಲ್ಲ ಬೇರಿನಲ್ಲಿದೆ. ಆದರೆ ರೂಟ್‌ಚಿಪ್ ಮಾದರಿ ಇಲ್ಲಿ ಕೈಕೊಡುತ್ತದೆ. ನೂರು ನೂರೈವತ್ತು ಮೈಕ್ರಾನ್ ದಪ್ಪದ ಅರಾಬಿಡಾಪ್ಸಿಸ್ ಬೇರಿಗೆ ಅಳೆದ ಕಾಲುವೆಯಲ್ಲಿ ಜೋಳದ ಬೇರು ಹಿಡಿಸದು. ಕಾಲುವೆ ಹಿಗ್ಗಿಸಿದರೆ ಬೇರಿನ ಒಳಪದರಗಳು ಸೂಕ್ಷ್ಮದರ್ಶಕದ ಹಿಡಿತಕ್ಕೆ ಸಿಗವು. ಧಾನ್ಯಗಳ ಎಲೆಯ ಪ್ರೋಟೋಪ್ಲಾಸ್ಟ್ ಗಿಡವಾಗುವುದಂತೂ ಬಲು ಅಪರೂಪ. ಜೋಳದಲ್ಲಿ ಕೈಗೆಟುಕುವುದು ಪರಾಗ. ಅದು ಸಿಡಿದ ಮೇಲೆ ಕೆಲವೇ ಗಂಟೆ ಬದುಕಿರುತ್ತದೆ, ಬಣ್ಣ ಹಾಕಿ ಗಾಜಿನ ಮೇಲೆ ಎಣಿಸುತ್ತ ಕೂರಲು ಸಮಯವಿಲ್ಲ. ಸ್ವಿಟ್ಸರ್ಲೆಂಡಿನಲ್ಲಿ ರೂಪುಗೊಂಡು 2016ರಲ್ಲಿ ಪ್ರಕಟವಾದ ವಿಧಾನವೊಂದು ಇದಕ್ಕೆ ಹೊಂದುತ್ತದೆ. ಪರಾಗರೇಣುಗಳು ಒಂದೊಂದಾಗಿ ಎರಡು ವಿದ್ಯುದ್ವಾರಗಳ ನಡುವಿನ ಸೂಕ್ಷ್ಮ ಕಾಲುವೆಯಲ್ಲಿ ಹಾಯುತ್ತವೆ. ಜೀವವಿರುವ ರೇಣುವಿನ ಪೊರೆ ಪರ್ಯಾಯ ವಿದ್ಯುತ್ತನ್ನು ತಡೆಯುವ ರೀತಿಯೇ ಬೇರೆ, ಸತ್ತದ್ದರದ್ದೇ ಬೇರೆ. ಬಣ್ಣ ಬೇಡ, ಕಿಣ್ವ ಬೇಡ, ಸಾವಿರಾರು ರೇಣುಗಳ ಎಣಿಕೆ ಕೆಲವು ನಿಮಿಷಗಳ ಕೆಲಸ. ರೇಣುಗಳನ್ನು ಹೊಲದಿಂದ ಚಿಪ್‌ವರೆಗೆ ಒಣಗದಂತೆ ತರಬೇಕು, ಕಾಲುವೆಯ ಅಗಲವನ್ನು ಜೋಳದ ರೇಣುವಿನ ಗಾತ್ರಕ್ಕೆ ತಕ್ಕಂತೆ ಆಯಬೇಕು, ಹೂತೆನೆಯ ಚೂರುಗಳು ಕಾಲುವೆ ಕಟ್ಟದಂತೆ ಮೊದಲೇ ಜಾಲರಿಯಲ್ಲಿ ಸೋಸಿಕೊಳ್ಳಬೇಕು.